ಕಲಬುರಗಿ ಭಾಗದಲ್ಲಿ ಶಾಲೆ, ಆಸ್ಪತ್ರೆ, ಸಾರ್ವಜನಿಕ ಕಟ್ಟಡಗಳ ವಿನ್ಯಾಸವನ್ನೇ ವೃತ್ತಿಯಾಗಿ ಮಾಡಿಕೊಳ್ಳಬಹುದೇ?

ಪ್ರಶ್ನೆ: ಶಹಾಪುರದಿಂದ

ಎಲ್ಲರಿಗೂ ನಮಸ್ಕಾರ. ನಾನು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನವಳು. ಬಿ.ಆರ್ಕ್. ಮುಗಿಸಿ, ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ಹೆಸರು ನೋಂದಾಯಿಸಿಕೊಂಡು, ಈಗ ಬೆಂಗಳೂರಿನ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ನನ್ನ ಪಾಲಿಗೆ ಬರುವುದು ಬಹುಪಾಲು ಅಪಾರ್ಟ್‌ಮೆಂಟ್‌ಗಳ ನಕ್ಷೆ. ಕೆಲಸ ಕಲಿಯಲು ಅದೂ ಬೇಕು, ಸಂಬಳವೂ ಹೊತ್ತಿಗೆ ಸರಿಯಾಗಿ ಬರುತ್ತದೆ. ಆದರೆ ಶಾಲೆ, ಆಸ್ಪತ್ರೆ, ಗ್ರಂಥಾಲಯ, ಬಸ್ ನಿಲ್ದಾಣದಂತಹ, ಎಲ್ಲರೂ ಒಳಗೆ ಬರುವ ಕಟ್ಟಡಗಳನ್ನು ವಿನ್ಯಾಸ ಮಾಡಬೇಕು, ಅದನ್ನೂ ನಮ್ಮ ಭಾಗದಲ್ಲಿಯೇ ಇದ್ದು ಮಾಡಬೇಕು ಎಂಬುದು ಓದುವ ದಿನಗಳಿಂದಲೂ ನನ್ನ ಮನಸ್ಸಿನಲ್ಲಿದೆ.

ಈ ಬೇಸಿಗೆಯಲ್ಲಿ ಊರಿಗೆ ಬಂದಾಗ ನಮ್ಮ ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಕಟ್ಟಡ ಹೊಸದು, ಮುಂಭಾಗಕ್ಕೆಲ್ಲ ಗಾಜು ಹಾಕಿದ್ದಾರೆ. ವಾರ್ಡಿನ ಕಿಟಕಿಗಳು ಮಾತ್ರ ಪಶ್ಚಿಮಕ್ಕಿವೆ. ಮಧ್ಯಾಹ್ನ ಮೂರರ ನಂತರ ಆ ಸಾಲಿನ ಮಂಚಗಳನ್ನು ರೋಗಿಗಳ ಮನೆಯವರೇ ಎದುರು ಗೋಡೆಯ ಕಡೆಗೆ ಎಳೆದುಕೊಂಡು, ಕಿಟಕಿಯ ಸರಳುಗಳಿಗೆ ಸೀರೆ, ಚಾದರ ಕಟ್ಟುತ್ತಿದ್ದರು. ಬಿಸಿಲೆಂದರೆ ಹೀಗೆಯೇ ಎಂದು ಒಪ್ಪಿಕೊಂಡಿದ್ದ ಅವರಲ್ಲಿ ಒಬ್ಬರೂ ಅದನ್ನು ಕಟ್ಟಡದ ತಪ್ಪು ಎಂದು ಹೇಳಲಿಲ್ಲ. ಆ ವಾರ್ಡನ್ನು ನಕ್ಷೆಯಲ್ಲಿಯೇ ಬೇರೆ ದಿಕ್ಕಿಗೆ ತಿರುಗಿಸಬಹುದಿತ್ತು ಎಂಬುದು ನನಗೆ ಕಾಣುತ್ತಿದ್ದುದರಿಂದ ಅಲ್ಲಿ ಕೂರುವುದು ಕಷ್ಟವಾಯಿತು.

ನಮ್ಮ ಸೋದರಮಾವ ಗುತ್ತಿಗೆದಾರರು. “ಸರ್ಕಾರಿ ಕಟ್ಟಡ ಅಂದರೆ ಎಂಜಿನಿಯರುಗಳ ಕೆಲಸ, ಇಲಾಖೆಯಲ್ಲಿ ಮಾದರಿ ನಕ್ಷೆ ಇರುತ್ತದೆ, ಅಲ್ಲಿ ಆರ್ಕಿಟೆಕ್ಟ್‌ಗೆ ಏನು ಕೆಲಸವಿದೆ” ಎಂದು ಅವರು ಕೇಳುತ್ತಾರೆ. ಅವರ ಮಾತು ಎಷ್ಟು ನಿಜ? ಬೆಂಗಳೂರು ಬಿಟ್ಟು ಬಂದರೆ ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಇಂತಹ ಕೆಲಸವನ್ನೇ ನಂಬಿ ಬದುಕಲು ಸಾಧ್ಯವೇ? ಬರುವ ಮೊದಲು ನಾನು ಏನನ್ನು ಕಲಿತಿರಬೇಕು? ಈ ಭಾಗದಲ್ಲಿ ಕೆಲಸ ಮಾಡಿದ ಹಿರಿಯರು, ಇಂತಹ ಕಟ್ಟಡಗಳಲ್ಲಿ ದಿನವೂ ದುಡಿಯುವವರು ದಯವಿಟ್ಟು ಉತ್ತರಿಸಬೇಕು.

ಉತ್ತರ 1: ಕಲಬುರಗಿಯ ವಾಸ್ತುಶಿಲ್ಪಿ

ಖಂಡಿತ ಸಾಧ್ಯವಿದೆ. ನಾನು ಇದೇ ಊರಿನಲ್ಲಿ ಕಚೇರಿ ಇಟ್ಟುಕೊಂಡು ಶಾಲೆ, ಕಾಲೇಜು, ವಸತಿ ನಿಲಯ, ಆಸ್ಪತ್ರೆಗಳನ್ನೇ ಹೆಚ್ಚಾಗಿ ಮಾಡುತ್ತ ಬಂದಿದ್ದೇನೆ, ಅದರಲ್ಲಿಯೇ ಸಂಸಾರವೂ ನಡೆದಿದೆ.

ನಿಮ್ಮ ಸೋದರಮಾವನವರ ಮಾತಿನಲ್ಲಿ ಅರ್ಧ ನಿಜವಿದೆ. ಲೋಕೋಪಯೋಗಿ ಇಲಾಖೆಯ ದೊಡ್ಡ ಕಟ್ಟಡಗಳ ವಿನ್ಯಾಸವು ಬೆಂಗಳೂರಿನಲ್ಲಿರುವ ಮುಖ್ಯ ವಾಸ್ತುಶಿಲ್ಪಿಗಳ ಕಚೇರಿಯಲ್ಲಿ ತಯಾರಾಗುತ್ತದೆ, ಇಲ್ಲವೇ ಟೆಂಡರ್ ಮೂಲಕ ಆಯ್ಕೆಯಾದ ಸಲಹಾ ಸಂಸ್ಥೆಗಳಿಂದ ಬರುತ್ತದೆ. ಸಣ್ಣ ಕಟ್ಟಡಗಳಿಗೆ ಮಾದರಿ ನಕ್ಷೆಗಳಿವೆ. ಊರಿನಲ್ಲಿ ಹೊಸದಾಗಿ ಕಚೇರಿ ತೆರೆದವರಿಗೆ ಈ ಬಾಗಿಲು ಬೇಗ ತೆರೆಯುವುದಿಲ್ಲ. ಆದರೆ ನಮ್ಮ ಭಾಗದಲ್ಲಿ ಶಿಕ್ಷಣ ಮತ್ತು ಆರೋಗ್ಯ ಸರ್ಕಾರದಿಂದ ಮಾತ್ರ ಬೆಳೆದದ್ದಲ್ಲ. ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ 1958ರಲ್ಲಿ ಪೂಜ್ಯ ದೊಡ್ಡಪ್ಪ ಅಪ್ಪ (ಪಿ.ಡಿ.ಎ.) ಎಂಜಿನಿಯರಿಂಗ್ ಕಾಲೇಜನ್ನು, 1963ರಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜನ್ನು ಕಟ್ಟಿತು. ಅದರ ಹಿಂದೆ ಮುಂದೆ ಮಠಗಳು, ವಿದ್ಯಾವರ್ಧಕ ಸಂಘಗಳು, ಧರ್ಮಾರ್ಥ ಆಸ್ಪತ್ರೆಗಳು ತಾಲ್ಲೂಕು ತಾಲ್ಲೂಕಿನಲ್ಲಿ ಎದ್ದಿವೆ. ಇವರಿಗೆ ಕೋಣೆ ಬೇಕು, ಹಣ ಕಡಿಮೆ, ಮಕ್ಕಳು ಬಹಳ. ಒಂದು ಪ್ರೌಢಶಾಲೆಗೆ ಎರಡು ಕೋಣೆ ಸೇರಿಸುವುದು, ಹಳೆಯ ವಸತಿ ನಿಲಯಕ್ಕೆ ಶೌಚಾಲಯದ ಸಾಲು ಕಟ್ಟುವುದು, ಇಂತಹ ಕೆಲಸಗಳಿಂದ ಶುರುವಾಗುತ್ತದೆ. ಅದನ್ನು ಚೆನ್ನಾಗಿ ಮಾಡಿದರೆ ಮುಂದಿನ ಕಟ್ಟಡ ತಾನಾಗಿ ನಿಮ್ಮ ಬಳಿಗೆ ಬರುತ್ತದೆ.

ಸರ್ಕಾರದ ಕೆಲಸವೂ ಹೆಚ್ಚಿದೆ. 2012ರ 98ನೇ ತಿದ್ದುಪಡಿಯಿಂದ ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ 371(ಜೆ) ವಿಧಿ ಸಂವಿಧಾನಕ್ಕೆ ಸೇರಿ, ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ ಬರತೊಡಗಿದ ಮೇಲೆ ಶಾಲಾ ಕೋಣೆ, ವಸತಿ ನಿಲಯ, ಆಸ್ಪತ್ರೆಗಳು ಹಿಂದೆಂದೂ ಇಲ್ಲದಷ್ಟು ಕಟ್ಟಲ್ಪಡುತ್ತಿವೆ. ಯಾದಗಿರಿ ಜಿಲ್ಲೆಯಾದದ್ದು 2009ರಲ್ಲಿ; ಜಿಲ್ಲೆಯೊಂದಕ್ಕೆ ಬೇಕಾದ ಕಚೇರಿ, ಆಸ್ಪತ್ರೆ, ವೈದ್ಯಕೀಯ ಕಾಲೇಜು ಎಲ್ಲವೂ ಅಲ್ಲಿ ಇತ್ತೀಚೆಗಷ್ಟೇ ಎದ್ದು ನಿಂತಿವೆ. ಆದ್ದರಿಂದ ಕಟ್ಟಡಗಳ ಕೊರತೆಗಿಂತ, ಕಟ್ಟುತ್ತಿರುವ ಕಟ್ಟಡಗಳು ಈ ನೆಲಕ್ಕೆ ಒಗ್ಗಿವೆಯೇ ಎಂಬ ಚಿಂತೆ ನನಗೆ ದೊಡ್ಡದು.

ಪ್ರತಿವರ್ಷ ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಗಿನ 8ರಿಂದ ಮಧ್ಯಾಹ್ನ 1:30ಕ್ಕೆ ಬದಲಾಯಿಸುತ್ತಾರೆ. ಇಲ್ಲಿನ ಮಧ್ಯಾಹ್ನದಲ್ಲಿ ಕೆಲಸ ಮಾಡಲಾಗದು ಎಂಬುದನ್ನು ಸರ್ಕಾರವೇ ಆದೇಶ ಹೊರಡಿಸಿ ಒಪ್ಪಿಕೊಳ್ಳುತ್ತದೆ. ಆದರೆ ಅದೇ ಕಚೇರಿಗಳ ನಕ್ಷೆಯನ್ನು ನೋಡಿ: ಮೈಸೂರಿಗೂ ಅದೇ, ಚಿಕ್ಕಮಗಳೂರಿಗೂ ಅದೇ, ಜೇವರ್ಗಿಗೂ ಅದೇ. ಆದೇಶವನ್ನು ಬದಲಾಯಿಸಿದವರು ಗೋಡೆಯನ್ನು ಬದಲಾಯಿಸಲಿಲ್ಲ.

ನೀವು ನೋಡಿದ ವಾರ್ಡಿನ ಲೆಕ್ಕವನ್ನೇ ಹಾಕೋಣ. ಕಲಬುರಗಿ ಇರುವುದು ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಶಹಾಪುರ ಅದಕ್ಕಿಂತ ತುಸು ದಕ್ಷಿಣಕ್ಕೆ. ದಕ್ಷಿಣದ ಗೋಡೆಯ ಕಿಟಕಿಗೆ ಎರಡು ಅಡಿ ಛಜ್ಜಾ (ಕಿಟಕಿಯ ಮೇಲೆ ಹೊರಚಾಚಿದ ಚಪ್ಪಡಿ) ಕೊಟ್ಟರೆ ಮಾರ್ಚ್ 21ರ ನಡುಮಧ್ಯಾಹ್ನ ಅದರ ನೆರಳು ಆರು ಅಡಿಗಿಂತ ಕೆಳಗೆ ಇಳಿಯುತ್ತದೆ, ಅಂದರೆ ಇಡೀ ಕಿಟಕಿ ಮುಚ್ಚುತ್ತದೆ. ಡಿಸೆಂಬರ್ 21ರಂದು ಅದೇ ಛಜ್ಜಾದ ನೆರಳು ಎರಡೂಕಾಲು ಅಡಿಗೆ ನಿಲ್ಲುವುದರಿಂದ ಚಳಿಗಾಲದ ಬಿಸಿಲು ಒಳಗೆ ಬರುತ್ತದೆ. ಅದು ಬೇಕಾದ ಬಿಸಿಲೇ. ಈಗ ಅದೇ ಎರಡು ಅಡಿಯ ಛಜ್ಜಾವನ್ನು ಪಶ್ಚಿಮದ ಕಿಟಕಿಗೆ ಕೊಡಿ. ಏಪ್ರಿಲ್ ನಡುವಿನಲ್ಲಿ ಸಂಜೆ ನಾಲ್ಕರ ಸೂರ್ಯ ದಿಗಂತದಿಂದ ಸುಮಾರು 37 ಡಿಗ್ರಿ ಎತ್ತರದಲ್ಲಿರುತ್ತಾನೆ. ಛಜ್ಜಾದ ನೆರಳು ಒಂದೂವರೆ ಅಡಿ ಇಳಿದರೆ ಹೆಚ್ಚು. ಕಿಟಕಿಯ ಉಳಿದ ಭಾಗದಿಂದ ಬಿಸಿಲು ನೇರವಾಗಿ ಮಂಚದ ಮೇಲೆ ಬೀಳುತ್ತದೆ. ಹೀಗಾಗಿ ಪಶ್ಚಿಮಕ್ಕೆ ಛಜ್ಜಾವನ್ನು ಉದ್ದ ಮಾಡುವುದರಿಂದ ಪ್ರಯೋಜನವಿಲ್ಲ. ಅಲ್ಲಿ ಮೆಟ್ಟಿಲು, ಉಗ್ರಾಣ, ಶೌಚಾಲಯಗಳನ್ನು ಇಟ್ಟು ಗೋಡೆಯನ್ನು ದಪ್ಪ ಮಾಡಬೇಕು, ಇಲ್ಲವೇ ಅಗಲವಾದ ಪಡಸಾಲೆ ಕಟ್ಟಿ ಅದಕ್ಕೆ ಗಾಳಿಯಾಡುವ ತೂತುಗಳ ಜಾಲಿ ಗೋಡೆ ಕೊಡಬೇಕು. ಇನ್ನೊಂದು ಸಂಗತಿಯನ್ನು ಬೇರೆ ಕಡೆಯಿಂದ ಬಂದವರು ಮರೆಯುತ್ತಾರೆ. ಮೇ ಎರಡನೆಯ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಮ್ಮಲ್ಲಿ ನಡುಮಧ್ಯಾಹ್ನದ ಸೂರ್ಯ ತಲೆಯ ಮೇಲಿಂದ ತುಸು ಉತ್ತರಕ್ಕೆ ವಾಲಿರುತ್ತಾನೆ. ಶಾಲೆ ಶುರುವಾಗುವ ಜೂನ್ ತಿಂಗಳಲ್ಲಿ ಉತ್ತರದ ಕಿಟಕಿಗೂ ನೆರಳು ಬೇಕಾಗುತ್ತದೆ.

ಗೋಡೆಗಿಂತ ಚಾವಣಿ ಇನ್ನೂ ಮುಖ್ಯ. ಒಂದಂತಸ್ತಿನ ಶಾಲೆಯಲ್ಲಿ ಬಿಸಿಲು ಅತಿ ಹೆಚ್ಚು ಬೀಳುವುದು ಚಾವಣಿಯ ಮೇಲೆಯೇ. ಐದು ಇಂಚಿನ ಆರ್‌ಸಿಸಿ ಸ್ಲ್ಯಾಬ್ ಬೆಳಗಿನಿಂದ ಕಾದು, ಆ ಶಾಖವನ್ನು ಮಧ್ಯಾಹ್ನದ ತರಗತಿಯ ಹೊತ್ತಿಗೆ ಕೆಳಗೆ ಬಿಡುತ್ತದೆ. ಅದರ ಮೇಲೆ ಇಟ್ಟಿಗೆ ಚೂರು, ಸುಣ್ಣದ ಗಾರೆ ಹಾಕಿ, ಒಡೆದ ಬಿಳಿ ಟೈಲ್ಸ್ ಚೂರುಗಳನ್ನು ಕೂರಿಸುವುದು ನಮ್ಮ ಗೌಂಡಿಗಳಿಗೆ ತಿಳಿದಿರುವ ಕೆಲಸವೇ ಆಗಿದೆ. ಅಷ್ಟಕ್ಕೂ ಹಣವಿಲ್ಲದಿದ್ದರೆ ವರ್ಷಕ್ಕೊಮ್ಮೆ ಬೇಸಿಗೆಗೆ ಮುಂಚೆ ಸುಣ್ಣ ಬಳಿಯುವುದರಿಂದಲೂ ವ್ಯತ್ಯಾಸ ಕಾಣುತ್ತದೆ. ಬುರ್ಕಿನಾ ಫಾಸೊ ದೇಶದ ಡಿಯೆಬೆಡೊ ಫ್ರಾನ್ಸಿಸ್ ಕೆರೆ ತಮ್ಮ ಹುಟ್ಟೂರು ಗಾಂಡೊದಲ್ಲಿ 2001ರಲ್ಲಿ ಕಟ್ಟಿ ಮುಗಿಸಿದ ಪ್ರಾಥಮಿಕ ಶಾಲೆಯನ್ನು ನೀವು ಓದಿರುತ್ತೀರಿ. ಮಣ್ಣಿನ ಇಟ್ಟಿಗೆಯ ಒಳಚಾವಣಿ, ಅದರ ಮೇಲೆ ಕಬ್ಬಿಣದ ಸರಳುಗಳ ಚೌಕಟ್ಟಿನ ಮೇಲೆ ಎತ್ತರದಲ್ಲಿ ನಿಂತ ತಗಡು, ಎರಡರ ನಡುವೆ ಗಾಳಿ ಆಡಲು ಜಾಗ. ಆ ಶಾಲೆಗೆ 2004ರಲ್ಲಿ ಆಗಾ ಖಾನ್ ಪ್ರಶಸ್ತಿ ಬಂದಿತು, ಕೆರೆ ಅವರಿಗೆ 2022ರಲ್ಲಿ ಪ್ರಿಟ್ಜ್ಕರ್ ಪ್ರಶಸ್ತಿ ಬಂದಿತು. ನನಗೆ ಪ್ರಶಸ್ತಿಗಿಂತ ಮುಖ್ಯವೆನಿಸುವುದು, ಊರಿನ ಜನರೇ ಕೈಯಾರೆ ಕಟ್ಟಬಹುದಾದ ಹಾಗೆ ಅದನ್ನು ಅವರು ಯೋಚಿಸಿದ್ದು. ನಮ್ಮಲ್ಲಿ ಮುಂಗಾರಿನ ಗಾಳಿ ಜೋರಾಗಿರುವುದರಿಂದ ಮೇಲಿನ ತಗಡನ್ನು ಬಿಗಿಯಾಗಿ ಕಟ್ಟಬೇಕು. ಉಳಿದಂತೆ ಆ ವಿಧಾನ ನಮ್ಮ ಬಿಸಿಲಿಗೆ ಚೆನ್ನಾಗಿ ಒಪ್ಪುತ್ತದೆ.

ಬರುವ ಮೊದಲು ಏನು ಕಲಿಯಬೇಕೆಂದು ಕೇಳಿದ್ದೀರಿ. ಬಂದ ಮೇಲೆ ಕಲಿಯುವುದೇ ಹೆಚ್ಚು. ಮೇ ತಿಂಗಳ ಮಧ್ಯಾಹ್ನ ಕಲಬುರಗಿ ಕೋಟೆಯ ಜಾಮಿ ಮಸೀದಿಯೊಳಗೆ ಹೋಗಿ ನಿಲ್ಲಿ. ಕ್ರಿ.ಶ. 1367ರ ಕಟ್ಟಡ ಅದು. ಸಾಮಾನ್ಯವಾಗಿ ಮಸೀದಿಯ ನಡುವೆ ಇರುವ ತೆರೆದ ಅಂಗಳ ಅಲ್ಲಿಲ್ಲ, ಇಡೀ ಅಂಗಳವನ್ನು ಗುಮ್ಮಟಗಳಿಂದ ಮುಚ್ಚಿದ್ದಾರೆ. ಬೆಳಕು ಮೇಲಿನಿಂದ ಬೀಳದೆ ಪಕ್ಕದ ಅಗಲವಾದ, ತಗ್ಗಿನಿಂದಲೇ ಏಳುವ ಕಮಾನುಗಳ ಮೂಲಕ ತಣ್ಣಗೆ ಒಳಗೆ ಬರುತ್ತದೆ. ನೂರಾರು ಜನ ಒಟ್ಟಿಗೆ ಕೂರುವ ಸಭಾಂಗಣಕ್ಕೆ ಈ ಹವೆಯಲ್ಲಿ ಬೆಳಕನ್ನು ಹೇಗೆ ತರಬೇಕೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ನನಗೆ ಬೇರೆ ಸಿಕ್ಕಿಲ್ಲ. ಬಳಿಕ ಬೀದರಿಗೆ ಹೋಗಿ ಮಹಮೂದ್ ಗವಾನನ ಮದರಸಾ ನೋಡಿ. 1472ರಲ್ಲಿ ಕಟ್ಟಿದ ಆ ವಿದ್ಯಾಲಯದಲ್ಲಿ ನಡುವೆ ಅಂಗಳ, ಸುತ್ತ ಮೂರು ಅಂತಸ್ತಿನಲ್ಲಿ ಪಾಠದ ಕೋಣೆ, ಗ್ರಂಥಾಲಯ, ಮಸೀದಿ, ಗುರುಗಳ ಮತ್ತು ವಿದ್ಯಾರ್ಥಿಗಳ ವಸತಿ ಇದ್ದವು. ಪ್ರವಾಸಿಗರು ಮುಂಭಾಗದ ಬಣ್ಣದ ಹೆಂಚುಗಳನ್ನು ನೋಡಿ ಹಿಂದಿರುಗುತ್ತಾರೆ. ನೀವು ಟೇಪು ಹಿಡಿದು ಒಳಗೆ ಹೋಗಿ, ಒಂದು ಕೋಣೆಯ ಗೋಡೆಯ ದಪ್ಪ, ಕಿಟಕಿಯ ಅಳತೆ, ಬಾಗಿಲಿನಿಂದ ಕಿಟಕಿಗೆ ಇರುವ ದೂರ, ಇಷ್ಟನ್ನು ಬರೆದುಕೊಳ್ಳಿ. ನಮ್ಮ ಭಾಗದಲ್ಲಿ ದೊಡ್ಡ ಶಾಲೆಗಳನ್ನು ಕಟ್ಟುವ ವಿದ್ಯೆಗೆ 550 ವರ್ಷಗಳ ಹಿನ್ನೆಲೆ ಇದೆಯೆಂಬುದು ನಿಮಗೆ ಧೈರ್ಯ ಕೊಡಬೇಕು.

ಉತ್ತರ 2: ಬೀದರ್, ನಿವೃತ್ತ ಸರ್ಕಾರಿ ಎಂಜಿನಿಯರ್

ಮೇಲಿನ ಉತ್ತರ ಬರೆದ ಹಿರಿಯರ ಬಗ್ಗೆ ನನಗೆ ಗೌರವವಿದೆ. ಬಿಸಿಲಿನ ಲೆಕ್ಕವನ್ನು ಅವರು ಹೇಳಿದಷ್ಟು ಸ್ಪಷ್ಟವಾಗಿ ನಮ್ಮ ಇಲಾಖೆಯಲ್ಲಿ ಯಾರೂ ಹೇಳಿಕೊಡಲಿಲ್ಲ. ಆದರೆ ಮಾದರಿ ನಕ್ಷೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ.

ತಂಗಿ, ಮಾದರಿ ನಕ್ಷೆಯನ್ನು ವೈರಿ ಎಂದು ತಿಳಿಯಬೇಡ. ಒಂದು ವರ್ಷದಲ್ಲಿ ಮಂಜೂರಾದ ನೂರಾರು ಶಾಲಾ ಕೋಣೆಗಳನ್ನು ಮಾರ್ಚ್ 31ರೊಳಗೆ ಮುಗಿಸಬೇಕಾದಾಗ, ಪ್ರತಿ ಹಳ್ಳಿಗೂ ಬೇರೆ ಬೇರೆ ನಕ್ಷೆ ಮಾಡುತ್ತ ಕೂತರೆ ಅನುದಾನ ವಾಪಸು ಹೋಗುತ್ತದೆ, ಮಕ್ಕಳು ಇನ್ನೊಂದು ವರ್ಷ ಗುಡಿಯ ಪಡಸಾಲೆಯಲ್ಲಿ ಕೂರುತ್ತಾರೆ. ಮಾದರಿ ನಕ್ಷೆಯಿಂದಾಗಿ ಅಂದಾಜು ಪಟ್ಟಿ ಬೇಗ ತಯಾರಾಗುತ್ತದೆ, ತಾಂತ್ರಿಕ ಮಂಜೂರಾತಿ ಬೇಗ ಸಿಗುತ್ತದೆ, ಜೂನಿಯರ್ ಎಂಜಿನಿಯರ್‌ಗೆ ಅಳತೆ ಪುಸ್ತಕ ಬರೆಯುವುದು ಸುಲಭವಾಗುತ್ತದೆ. ಒಬ್ಬ ಒಳ್ಳೆಯ ವಾಸ್ತುಶಿಲ್ಪಿ ಒಂದು ಸುಂದರ ಶಾಲೆ ಕಟ್ಟಿದರೆ ಒಂದು ಊರಿಗೆ ಒಳ್ಳೆಯದಾಗುತ್ತದೆ. ಅದೇ ವಾಸ್ತುಶಿಲ್ಪಿ ಬಿಸಿಲಿನ ಜಿಲ್ಲೆಗಳಿಗಾಗಿ ಮಾದರಿ ನಕ್ಷೆಯನ್ನೇ ತಿದ್ದಿಸಿದರೆ, ಹೆಸರೇ ಬರದಿದ್ದರೂ, ಸಾವಿರ ಕೋಣೆಗಳು ತಂಪಾಗುತ್ತವೆ. ನಿನಗೆ ನಿಜವಾಗಿ ಇದರಲ್ಲಿ ಶ್ರದ್ಧೆ ಇದ್ದರೆ ಆ ಎರಡನೆಯ ಕೆಲಸಕ್ಕೆ ಕೈ ಹಾಕಬೇಕೆಂದು ನಾನು ಹೇಳುತ್ತೇನೆ.

ಅದಕ್ಕೆ ನೀನು ಕಲಿಯಬೇಕಾದದ್ದು ಇಲಾಖೆಯ ದರಪಟ್ಟಿ. ನಕ್ಷೆಯಲ್ಲಿ ನೀನು ಏನೇ ಬರೆದರೂ, ಆ ದರಪಟ್ಟಿಯಲ್ಲಿ (ಎಸ್.ಆರ್.) ಆ ಬಾಬ್ತು ಇಲ್ಲದಿದ್ದರೆ ಅದು ಅಂದಾಜು ಪಟ್ಟಿಗೆ ಬರುವುದಿಲ್ಲ, ಅಂದಾಜು ಪಟ್ಟಿಯಲ್ಲಿ ಇಲ್ಲದ್ದನ್ನು ಗುತ್ತಿಗೆದಾರ ಕಟ್ಟುವುದಿಲ್ಲ. ದರಪಟ್ಟಿಯಲ್ಲಿ ಇಲ್ಲದ ಬಾಬ್ತಿಗೆ ದರ ವಿಶ್ಲೇಷಣೆ ಮಾಡಿ ಮೇಲಧಿಕಾರಿಗಳ ಒಪ್ಪಿಗೆ ಪಡೆಯಬೇಕು; ಅದನ್ನು ಮಾಡಿಕೊಡುವ ಆರ್ಕಿಟೆಕ್ಟ್ ಬಹಳ ಕಡಿಮೆ. ಚಾವಣಿಗೆ ಬಿಳಿ ಟೈಲ್ಸ್ ಚೂರು ಹಾಕಿಸಬೇಕೆಂದು ಟಿಪ್ಪಣಿ ಬರೆದು ಕಳುಹಿಸುವವರು ಸಿಗುತ್ತಾರೆ. ಒಂದು ಚದರ ಮೀಟರಿಗೆ ಎಷ್ಟು ಸಿಮೆಂಟು, ಎಷ್ಟು ಮರಳು, ಎಷ್ಟು ಆಳು ಬೇಕಾಗುತ್ತದೆಂದು ಬರೆದು ಮೇಜಿನ ಮೇಲೆ ಇಡುವವರು ಬೇಕು. ಹಾಗೆ ಬರೆದು ತಂದವರಿಗೆ ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಇಲ್ಲವೆನ್ನುವುದು ಅಷ್ಟು ಸುಲಭವಲ್ಲ.

ಇನ್ನು ನೆಲದ ಮಾತು. ನಮ್ಮ ಬೀದರ್ ಪಟ್ಟಣ ಕೂತಿರುವುದು ಜಂಬಿಟ್ಟಿಗೆ ಕಲ್ಲಿನ ಮೇಲೆ, ಇಲ್ಲಿ ಬುನಾದಿಗೆ ತೊಂದರೆ ಇಲ್ಲ. ಆದರೆ ನಿಮ್ಮ ಶಹಾಪುರ, ಜೇವರ್ಗಿ, ಚಿತ್ತಾಪುರದ ಕಡೆ ಎರೆ ಭೂಮಿ. ಮಳೆಯಲ್ಲಿ ಆ ಮಣ್ಣು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಬುನಾದಿಯನ್ನು ಆ ಏರಿಳಿತದ ಪದರದಲ್ಲಿಯೇ ನಿಲ್ಲಿಸಿದರೆ ಕೆಲವೇ ವರ್ಷಗಳಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ. ಎರೆ ಮಣ್ಣನ್ನು ತೆಗೆಸಿ ಮುರುಮು ತುಂಬಿಸಿ ದಮ್ಮಸು ಮಾಡುವುದು ಒಂದು ದಾರಿ. ಮಣ್ಣು ಬಹಳ ಆಳವಿದ್ದರೆ ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆ ರೂಢಿಗೆ ತಂದ, ತಳದಲ್ಲಿ ಬುಡ್ಡೆಯಂತೆ ಅಗಲವಾಗುವ ಅಂಡರ್‌ರೀಮ್ಡ್ ಪೈಲ್, ಅಂದರೆ ನೆಲದಾಳಕ್ಕೆ ಇಳಿಸಿದ ಕಾಂಕ್ರೀಟ್ ಕಂಬ, ಇನ್ನೊಂದು ದಾರಿ. ಇವುಗಳಲ್ಲೊಂದನ್ನು ಮಾಡಿಯೂ ಮಾಳಿಗೆಯ ನೀರಿನ ಪೈಪನ್ನು ಗೋಡೆಯ ಬುಡಕ್ಕೇ ಬಿಟ್ಟ ಕಟ್ಟಡಗಳನ್ನು ನಾನು ನೋಡಿದ್ದೇನೆ. ಕಟ್ಟಡದ ಸುತ್ತ ಕನಿಷ್ಠ ಮೂರು ಅಡಿ ಶಹಾಬಾದ್ ಫರಸಿ ಹಾಸಿ, ಹೊರಕ್ಕೆ ಇಳಿಜಾರು ಕೊಟ್ಟು, ಆ ನೀರನ್ನು ಚರಂಡಿಗೆ ಸೇರಿಸುವುದು ಅತಿ ಕಡಿಮೆ ಖರ್ಚಿನ ಕೆಲಸ. ಹಣ ಸಾಲದೆ ಬಂದಾಗ ಮೊದಲು ಕೈಬಿಡುವುದೂ ಅದನ್ನೇ. ಅದನ್ನು ಬಿಡಲು ಒಪ್ಪಬೇಡ.

ಭೂಕಂಪ ನಮ್ಮ ಭಾಗದ ವಿಷಯವಲ್ಲವೆಂದು ಹೊಸಬರು ತಿಳಿಯುತ್ತಾರೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ನಡುಗಿದ ನೆಲ ನಮ್ಮ ಗಡಿಯಿಂದ ಬಹಳ ದೂರವಿಲ್ಲ. ಅಲ್ಲಿ ಸತ್ತವರು ಸುಮಾರು ಹತ್ತು ಸಾವಿರ ಜನ. ಬಹಳ ಜನರ ಮೇಲೆ ಬಿದ್ದದ್ದು ಮಣ್ಣಿನಲ್ಲಿ ಕೂರಿಸಿದ ದಪ್ಪ ಕಲ್ಲಿನ ಗೋಡೆ ಮತ್ತು ಭಾರವಾದ ಮಣ್ಣಿನ ಮಾಳಿಗೆ. 2021ರಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ಸಣ್ಣ ಕಂಪನಗಳು ಮೇಲಿಂದ ಮೇಲೆ ಬಂದಾಗ ಜನ ರಾತ್ರಿ ಮನೆಯ ಹೊರಗೆ ಮಲಗಿದರು. ಶಾಲೆಯ ಗೋಡೆ ಕಲ್ಲಿನದಾದರೂ ಇಟ್ಟಿಗೆಯದಾದರೂ ಬಾಗಿಲು, ಕಿಟಕಿಗಳ ಮೇಲಂಚಿನ ಲಿಂಟಲ್ ಮಟ್ಟದಲ್ಲಿ ಕಟ್ಟಡದ ಸುತ್ತಲೂ ತುಂಡಾಗದೆ ಓಡುವ ಕಾಂಕ್ರೀಟ್ ಪಟ್ಟಿ ಇರಲೇಬೇಕು. ಕಿಟಕಿಯ ಮೇಲೆ ಮಾತ್ರ ಲಿಂಟಲ್ ಹಾಕಿ ಉಳಿಸಿದ ಕಬ್ಬಿಣದ ಹಣ ಬಹಳ ಸಣ್ಣದು.

ಉತ್ತರ 3: ಯಾದಗಿರಿ ಜಿಲ್ಲೆಯ ಶುಶ್ರೂಷಾಧಿಕಾರಿ

ನಾನು ಕಟ್ಟಡದ ವಿದ್ಯೆ ಓದಿದವಳಲ್ಲ, ಆದರೆ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುತ್ತೇನೆ. ಪ್ರಶ್ನೆ ಕೇಳಿದ ಅಕ್ಕ ಒಮ್ಮೆಯಾದರೂ ನಮ್ಮಂತಹವರ ಜೊತೆ ರಾತ್ರಿ ಪಾಳಿಯಲ್ಲಿ ಕೂತು ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ನಕ್ಷೆ ಮಾಡುವವರು ಬಂದರೂ ಬೆಳಿಗ್ಗೆ ಹನ್ನೊಂದಕ್ಕೆ ಬರುತ್ತಾರೆ, ವೈದ್ಯಾಧಿಕಾರಿಗಳ ಕೋಣೆಯಲ್ಲಿ ಮಾತನಾಡಿ ಹೋಗುತ್ತಾರೆ.

ಹೆರಿಗೆ ನೋವು ಬಂದ ಹೆಣ್ಣುಮಗಳ ಜೊತೆ ನಮ್ಮ ಹಳ್ಳಿಗಳಿಂದ ಒಬ್ಬರೇ ಬರುವುದಿಲ್ಲ. ತಾಯಿ, ಅತ್ತೆ, ನೆಗೆಣ್ಣಿ, ಜೊತೆಗೆ ಒಂದಿಬ್ಬರು ಗಂಡಸರು, ಮನೆಯಲ್ಲಿ ಬಿಟ್ಟು ಬರಲಾಗದ ಮೊದಲ ಮಗು. ಇವರು ಎರಡು ಮೂರು ದಿನ ಇರುತ್ತಾರೆ. ಅವರು ಎಲ್ಲಿ ಮಲಗಬೇಕು, ಬುತ್ತಿ ಎಲ್ಲಿ ಬಿಚ್ಚಬೇಕು, ಕೂಸಿನ ಬಟ್ಟೆ ಎಲ್ಲಿ ಒಗೆದು ಎಲ್ಲಿ ಒಣಹಾಕಬೇಕು ಎಂಬುದು ಯಾವ ನಕ್ಷೆಯಲ್ಲಿಯೂ ಇರುವುದಿಲ್ಲ. ಆದ್ದರಿಂದ ಅವರು ಕಾರಿಡಾರಿನಲ್ಲಿ ಮಲಗುತ್ತಾರೆ, ಮಧ್ಯರಾತ್ರಿ ನಾವು ಸ್ಟ್ರೆಚರ್ ತಳ್ಳಿಕೊಂಡು ಬರುವಾಗ ಒಬ್ಬೊಬ್ಬರನ್ನೇ ಎಬ್ಬಿಸಬೇಕಾಗುತ್ತದೆ. ಎಂಟು ಅಡಿ ಅಗಲದ ಕಾರಿಡಾರ್ ಎಂದು ಕಾಗದದಲ್ಲಿ ಇರುತ್ತದೆ, ಎರಡೂ ಕಡೆ ಜನ ಮಲಗಿದ ಮೇಲೆ ಉಳಿಯುವುದು ಮೂರು ಅಡಿ. ಜನರನ್ನು ಬೈದು ಓಡಿಸುವುದು ನಮ್ಮಿಂದಾಗದು. ವಾರ್ಡಿಗೆ ಹತ್ತಿರವೇ, ಮಗಳು ಕೂಗಿದರೆ ಕೇಳಿಸುವಷ್ಟು ದೂರದಲ್ಲಿ, ಒಂದು ಮುಚ್ಚಿದ ಪಡಸಾಲೆ, ಅದಕ್ಕೆ ನಲ್ಲಿ, ಶೌಚಾಲಯ, ಫ್ಯಾನು ಇದ್ದರೆ ಅರ್ಧ ಆಸ್ಪತ್ರೆ ಶಾಂತವಾಗುತ್ತದೆ.

2017ರ ಕೊನೆಯಲ್ಲಿ, ಹೆರಿಗೆ ಸೇವೆಯ ಗುಣಮಟ್ಟ ಸುಧಾರಿಸುವ ಕೇಂದ್ರ ಸರ್ಕಾರದ ಲಕ್ಷ್ಯ ಕಾರ್ಯಕ್ರಮ ಬಂದ ಮೇಲೆ ಹೆರಿಗೆ ಕೊಠಡಿಗಳು ಸುಧಾರಿಸಿವೆ. ಪ್ರತಿ ಮಂಚಕ್ಕೂ ಮರೆ ಬೇಕು, ಕೊಠಡಿಗೆ ಹೊಂದಿದಂತೆ ಶೌಚಾಲಯ ಬೇಕು ಎಂದು ಈಗ ನಿಯಮವೇ ಇದೆ. ಆದರೆ ಹಳೆಯ ಕಟ್ಟಡದಲ್ಲಿ ಶೌಚಾಲಯ ಕಾರಿಡಾರಿನ ಕೊನೆಯಲ್ಲಿದ್ದರೆ, ನೋವು ತಿನ್ನುತ್ತಿರುವವಳು ಗಂಡಸರ ನಡುವೆಯೇ ನಡೆದು ಹೋಗಬೇಕು. ನಾಚಿಕೆಯಿಂದ ಹೋಗದೆ ತಡೆದುಕೊಂಡು ಕೂತವರನ್ನು ನಾನು ಎಷ್ಟೋ ಸಲ ಕೈ ಹಿಡಿದು ಕರೆದುಕೊಂಡು ಹೋಗಿದ್ದೇನೆ. ಇದನ್ನು ಸಭೆಯಲ್ಲಿ ಹೇಳುವವರು ಯಾರೂ ಇರುವುದಿಲ್ಲ. ಸಭೆಯಲ್ಲಿ ಕೂತವರಿಗೆ ಆ ಅನುಭವವಿಲ್ಲ.

ನೆಲದ ಬಗ್ಗೆಯೂ ಒಂದು ಮಾತು. ಹೊಳೆಯುವ ಟೈಲ್ಸ್ ಒದ್ದೆಯಾದರೆ ಜಾರುತ್ತದೆ. ಬಾಣಂತಿಯರು ಓಡಾಡುವ ಸ್ನಾನದ ಮನೆಗೆ ಅದನ್ನು ಹಾಕಲೇಬಾರದು. ಹೊರರೋಗಿಗಳು ಕಾಯುವ ಜಾಗಕ್ಕೆ ನಮ್ಮ ಶಹಾಬಾದ್ ಕಲ್ಲೇ ಒಳ್ಳೆಯದು. ಕುರ್ಚಿ ಇದ್ದರೂ ಬೇಸಿಗೆಯಲ್ಲಿ ಜನ ಅದರ ತಂಪಿಗೆ ನೆಲದ ಮೇಲೆಯೇ ಕೂರುತ್ತಾರೆ. ಹೆರಿಗೆ ಕೊಠಡಿಗೆ ಮಾತ್ರ ಅದು ಬೇಡ, ಕಲ್ಲಿನ ಸಂದುಗಳಲ್ಲಿ ರಕ್ತ ನಿಲ್ಲುತ್ತದೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಅಲ್ಲಿ ಸಂದು ಕಡಿಮೆ ಇರುವ, ಗೋಡೆಯ ಬುಡದಲ್ಲಿ ಮೂಲೆ ಇಲ್ಲದೆ ಬಾಗಿ ಏಳುವ ನೆಲ ಬೇಕು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಸಿಸ್ಟರ್, ನೀವು ಕರೆದಿರುವುದರಿಂದ ಮುಂದಿನ ಸಲ ಊರಿಗೆ ಬಂದಾಗ, ನಿಮ್ಮ ಮೇಲಧಿಕಾರಿಗಳ ಅನುಮತಿ ಪಡೆದು ಖಂಡಿತ ಬರುತ್ತೇನೆ. ಎಂಜಿನಿಯರ್ ಅಣ್ಣನವರ ಮಾತಿನಂತೆ ಈ ವಾರವೇ ದರಪಟ್ಟಿ ತೆಗೆದು ಓದತೊಡಗಿದ್ದೇನೆ. ಇನ್ನೆರಡು ವಿಷಯ ಕೇಳಬೇಕಿದೆ. ಆಸ್ಪತ್ರೆಗಳ ವಿನ್ಯಾಸಕ್ಕೆ ಎಂ.ಆರ್ಕ್. ಮಾಡಿಕೊಂಡು ಬರುವುದು ಒಳ್ಳೆಯದೇ, ಅಥವಾ ನೇರವಾಗಿ ಕೆಲಸಕ್ಕೆ ಇಳಿಯಬಹುದೇ? ಮೊದಲ ಕೆಲವು ವರ್ಷ ಹಣದ ವ್ಯವಸ್ಥೆಯನ್ನು ಹೇಗೆ ಮಾಡಿಕೊಳ್ಳಬೇಕು?

ಉತ್ತರ 4: ಕಲಬುರಗಿಯ ವಾಸ್ತುಶಿಲ್ಪಿ

ಮಾದರಿ ನಕ್ಷೆಯ ಬಗ್ಗೆ ಬೀದರಿನ ಎಂಜಿನಿಯರ್ ಅವರು ಹೇಳಿದ್ದನ್ನು ನಾನು ಒಪ್ಪುತ್ತೇನೆ. ಮೂರು ಜಿಲ್ಲೆಗಳ ಬಿಸಿಲಿಗೂ ಎರೆ ಮಣ್ಣಿಗೂ ಒಪ್ಪುವ ಒಂದು ತರಗತಿ ಕೋಣೆಯ ನಕ್ಷೆಯನ್ನು, ದರ ವಿಶ್ಲೇಷಣೆಯ ಸಮೇತ ತಯಾರಿಸಿ ಇಲಾಖೆಯ ಮುಂದೆ ಇಡುವ ಕೆಲಸಕ್ಕೆ ಅವರು ಮುಂದಾದರೆ ನಾನು ಜೊತೆಗಿದ್ದೇನೆ, ನೀವೂ ಸೇರಿಕೊಳ್ಳಿ.

ಎಂ.ಆರ್ಕ್. ಕಡ್ಡಾಯವಲ್ಲ. ಅದಕ್ಕಿಂತ, ಆಸ್ಪತ್ರೆಗಳನ್ನೇ ಮಾಡುವ ಕಚೇರಿಯೊಂದರಲ್ಲಿ ಒಂದು ಕಟ್ಟಡ ಬುನಾದಿಯಿಂದ ಉದ್ಘಾಟನೆಯವರೆಗೆ ನಡೆಯುವಷ್ಟು ಕಾಲ ಕೆಲಸ ಮಾಡುವುದು ಮೇಲು. ಆಮ್ಲಜನಕದ ಪೈಪು, ಶಸ್ತ್ರಚಿಕಿತ್ಸಾ ಕೊಠಡಿಯ ಗಾಳಿಯ ವ್ಯವಸ್ಥೆ, ಎಕ್ಸ್‌ರೇ ಕೋಣೆಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಒಪ್ಪಿಗೆ, ಜೈವಿಕ ತ್ಯಾಜ್ಯ ಹೊರಗೆ ಹೋಗುವ ದಾರಿ, ಇವುಗಳನ್ನು ತರಗತಿಯಲ್ಲಿ ಕಲಿಯುವುದಕ್ಕಿಂತ ಸೈಟಿನಲ್ಲಿ ಬೇಗ ಕಲಿಯಬಹುದು. ಒಂದು ಉದಾಹರಣೆ ಕೊಡುತ್ತೇನೆ. ಇಳಿಜಾರು ದಾರಿ 12ಕ್ಕೆ 1ಕ್ಕಿಂತ ಕಡಿದಾಗಿರಬಾರದು ಎಂಬ ನಿಯಮ ಎಲ್ಲರಿಗೂ ಗೊತ್ತು. ಅಂತಸ್ತಿನ ಎತ್ತರ 12 ಅಡಿ ಇದ್ದರೆ ಆ ದಾರಿಯ ಉದ್ದ 144 ಅಡಿ ಆಗುತ್ತದೆ, ನಡುವಿನ ತಿರುವುಗಳು ಬೇರೆ. ಇಷ್ಟು ಜಾಗವನ್ನು ಮೊದಲ ದಿನವೇ ನಕ್ಷೆಯಲ್ಲಿ ತೆಗೆದಿಡದವರು ಕೊನೆಗೆ ಅದನ್ನು ಕಡಿದಾಗಿ ಮಾಡುತ್ತಾರೆ, ಇಲ್ಲವೇ ಲಿಫ್ಟ್ ಇದೆಯೆಂದು ಕೈಬಿಡುತ್ತಾರೆ. ಮೇ ತಿಂಗಳಲ್ಲಿ ಕರೆಂಟ್ ಹೋಗಿ ಜನರೇಟರ್ ಕೈಕೊಟ್ಟಾಗ ರೋಗಿಯನ್ನು ನಾಲ್ಕು ಜನ ಎತ್ತಿಕೊಂಡು ಮೆಟ್ಟಿಲು ಇಳಿಯುತ್ತಾರೆ.

ಹಣದ ವಿಷಯ. ಸಂಸ್ಥೆಗಳ ಶುಲ್ಕ ಬರುತ್ತದೆ, ನಿಧಾನವಾಗಿ ಬರುತ್ತದೆ. ಆದ್ದರಿಂದ ಒಪ್ಪಂದವನ್ನು ಬರಹದಲ್ಲಿ ಮಾಡಿಕೊಂಡು ಶುಲ್ಕವನ್ನು ಹಂತ ಹಂತವಾಗಿ ಭಾಗ ಮಾಡಿ: ಪ್ರಾಥಮಿಕ ನಕ್ಷೆ, ಪರವಾನಗಿ, ಕೆಲಸದ ನಕ್ಷೆಗಳು, ಸೈಟ್ ಭೇಟಿ. ಸೈಟ್ ಭೇಟಿಯ ಭಾಗವನ್ನು ಬಿಟ್ಟುಕೊಟ್ಟು ಒಟ್ಟು ಶುಲ್ಕ ಕಡಿಮೆ ಮಾಡಿರೆಂದು ಬಹಳ ಜನ ಕೇಳುತ್ತಾರೆ. ಉಳಿದ ಯಾವುದರಲ್ಲಾದರೂ ರಿಯಾಯಿತಿ ಕೊಡಿ, ಅದರಲ್ಲಿ ಕೊಡಬೇಡಿ. ಮೊದಲ ವರ್ಷಗಳಲ್ಲಿ ಮನೆಗಳ ಕೆಲಸವನ್ನೂ ತೆಗೆದುಕೊಳ್ಳಿ, ಕಲಬುರಗಿಯಲ್ಲಿ ಅದಕ್ಕೆ ಕೊರತೆಯಿಲ್ಲ, ಪಿ.ಡಿ.ಎ. ಕಾಲೇಜಿನ ವಾಸ್ತುಶಿಲ್ಪ ವಿಭಾಗದಲ್ಲಿ ವಾರಕ್ಕೆ ಒಂದೆರಡು ದಿನ ಪಾಠ ಮಾಡುವ ಅವಕಾಶವನ್ನೂ ವಿಚಾರಿಸಿ ನೋಡಬಹುದು. ಕಚೇರಿಯನ್ನು ಶಹಾಪುರದಲ್ಲಿ ಇಡುವುದೋ ಕಲಬುರಗಿಯಲ್ಲಿ ಇಡುವುದೋ ಎಂಬ ಪ್ರಶ್ನೆ ಬಂದರೆ, ಮೊದಲಿಗೆ ಕಲಬುರಗಿಯನ್ನೇ ಆರಿಸಿಕೊಳ್ಳಿ. ಸ್ಟ್ರಕ್ಚರಲ್ ಎಂಜಿನಿಯರ್, ಮಣ್ಣು ಪರೀಕ್ಷೆಯ ಪ್ರಯೋಗಾಲಯ, ವಿಭಾಗ ಮಟ್ಟದ ಕಚೇರಿಗಳು ಎಲ್ಲವೂ ಇಲ್ಲಿವೆ, ಶಹಾಪುರದ ಸೈಟಿಗೆ ಬೆಳಿಗ್ಗೆ ಹೊರಟರೆ ಸಂಜೆಗೆ ಹಿಂದಿರುಗಬಹುದು.